ಹುಳುಕಡ್ಡಿ ಮತ್ತೆ ಮತ್ತೆ ಬರುವುದೇಕೆ?

(ಸಂಘದ ವಾರ್ಷಿಕ ಸಮಾವೇಶದಲ್ಲಿ ವಿದ್ಯಾರ್ಥಿಗಳು ಹಾಗೂ ಪೋಷಕರ ಮುಂದೆ ಮಾಡಿದ ಭಾಷಣದ ಬರಹ ರೂಪ)



ಈ ವೇದಿಕೆಯಲ್ಲಿ ವಿದ್ಯಾರ್ಥಿವೇತನ, ಸ್ಪರ್ಧಾತ್ಮಕ ಪರೀಕ್ಷೆ, ಹೆಣ್ಣುಮಕ್ಕಳ ಉನ್ನತ ಶಿಕ್ಷಣ ಇಂಥ ಘನವಾದ ವಿಷಯಗಳ ಮೇಲೆ ಮಾತುಗಳಾಗಿವೆ. ನಾನು ಆರಿಸಿಕೊಂಡ ವಿಷಯವನ್ನು ಕೇಳಿ ಸಿದ್ಧತಾ ಸಭೆಯಲ್ಲಿ ಒಂದಿಬ್ಬರು ಮುಸಿಮುಸಿ ನಕ್ಕರು. ಅದರಲ್ಲಿ ಅವರ ತಪ್ಪೇನೂ ಇಲ್ಲ. ಹುಳುಕಡ್ಡಿ ಎಂದರೆ ನಗುವುದು ಇಲ್ಲವೇ ಮುಚ್ಚಿಡುವುದು, ನಮ್ಮಲ್ಲಿ ಇವೆರಡೇ ರೂಢಿ.

ಶಿಕ್ಷಣ ಸಂಘಕ್ಕೂ ತುರಿಕೆಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನಲವತ್ತು ನಿಮಿಷ ಬೆಂಚಿನ ಮೇಲೆ ನೆಮ್ಮದಿಯಿಂದ ಕೂರಲಾರದ ಮಗುವಿಗೆ ಗಝಲ್ ಆಗಲಿ, ವಚನವಾಗಲಿ ತಲೆಗೆ ಹೇಗೆ ಹತ್ತೀತು? ರಾತ್ರಿಯೆಲ್ಲ ತೊಡೆಸಂದು ಕೆರೆದುಕೊಂಡು ನಿದ್ದೆಗೆಟ್ಟ ಹುಡುಗ ಬೆಳಿಗ್ಗೆ ಮೊದಲ ಪಿರಿಯಡ್ಡಿನಲ್ಲೇ ತೂಕಡಿಸುತ್ತಾನೆ. ನಾವು ಶಿಕ್ಷಕರು ಅವನಿಗೆ ಸೋಮಾರಿ ಎಂಬ ಹೆಸರು ಕೊಡುತ್ತೇವೆ. ಮುಖದ ಮೇಲೆ ಉಂಗುರದಂತಹ ಕಲೆ ಬಿದ್ದ ಹುಡುಗಿ ಮೊದಲು ಹಿಂದಿನ ಬೆಂಚಿಗೆ ಹೋಗುತ್ತಾಳೆ, ಆಮೇಲೆ ಶಾಲೆಯನ್ನೇ ಬಿಡುತ್ತಾಳೆ. ನಾನು ಕಂಡ ಒಂದು ವಿದ್ಯಾರ್ಥಿನಿಲಯದಲ್ಲಿ ಹೀಗೇ ಒಬ್ಬ ಹುಡುಗಿಗೆ ಕತ್ತಿನ ಮೇಲೆ ಗಜಕರ್ಣ ಎದ್ದಿತ್ತು. ಅವಳಿಗೆ ಬೇರೆ ತಟ್ಟೆ, ಬೇರೆ ಲೋಟ ಕೊಟ್ಟು ಮೂಲೆಯಲ್ಲಿ ಊಟಕ್ಕೆ ಕೂರಿಸುತ್ತಿದ್ದರು. ಆದರೆ ಟವೆಲ್ ಒಣಗಿಸುವ ಹಗ್ಗ ಎಲ್ಲರಿಗೂ ಒಂದೇ. ಒಬ್ಬಳ ಟವೆಲಿನ ಮೇಲೆ ಇನ್ನೊಬ್ಬಳ ಟವೆಲ್! ತಟ್ಟೆಯಿಂದ ಈ ರೋಗ ಹರಡುವುದಿಲ್ಲ, ಟವೆಲಿನಿಂದ ಹರಡುತ್ತದೆ. ಆ ಮಗುವಿಗೆ ಅವಮಾನವಾದದ್ದಷ್ಟೇ ಬಂತು. ರೋಗ ತನ್ನ ದಾರಿ ಹಿಡಿದು ಹೋಗಿ ಕೋಣೆಯ ಉಳಿದವರನ್ನೂ ಮುಟ್ಟಿತು. ಈ ವಿಷಯದ ಮೇಲೆ ಮಾತನಾಡಲೇಬೇಕು ಎಂದು ನನಗೆ ಅನ್ನಿಸಿದ್ದು ಆಗ.

ನಾನು ವೈದ್ಯೆ ಅಲ್ಲ. ಉರ್ದು ಮತ್ತು ಕನ್ನಡ ಕಲಿಸುವವಳು. ಆದ್ದರಿಂದ ಮೊದಲು ಹೆಸರಿನಿಂದಲೇ ಶುರುಮಾಡುತ್ತೇನೆ. ನಮ್ಮ ಮನೆಗಳಲ್ಲಿ ದಾದ್ ಎನ್ನುತ್ತೇವಲ್ಲ, ಅದು ಸಂಸ್ಕೃತದ ದದ್ರು ಎಂಬ ಪದದಿಂದ ಬಂದದ್ದು. ಕನ್ನಡದಲ್ಲಿ ಹುಳುಕಡ್ಡಿ, ಗಜಕರ್ಣ. ಇಂಗ್ಲಿಷಿನಲ್ಲಿ ರಿಂಗ್‌ವರ್ಮ್, ಅಂದರೆ ಉಂಗುರದ ಹುಳು. ವೈದ್ಯರು ಚೀಟಿಯಲ್ಲಿ ಬರೆಯುವ ಟಿನಿಯಾ ಎಂಬ ಲ್ಯಾಟಿನ್ ಮಾತಿಗೂ ಬಟ್ಟೆ ಕೊರೆಯುವ ಹುಳು ಎಂದೇ ಅರ್ಥ. ಇಷ್ಟು ಭಾಷೆಗಳ ಜನ ಸೇರಿ ಹುಳು ಹುಳು ಎಂದರೂ ಅಲ್ಲಿ ಹುಳುವೇ ಇಲ್ಲ! ಇರುವುದು ಶಿಲೀಂಧ್ರ, ಅಂದರೆ ಬೂಷ್ಟು. ಮಳೆಗಾಲದಲ್ಲಿ ಚರ್ಮದ ಚಪ್ಪಲಿಗೆ, ಉಪ್ಪಿನಕಾಯಿಯ ಭರಣಿಯ ಬಾಯಿಗೆ ಹಿಡಿಯುತ್ತದಲ್ಲ, ಆ ಕುಲಕ್ಕೆ ಸೇರಿದ್ದು. ನಮ್ಮ ಚರ್ಮದ ಮೇಲ್ಪದರ, ಕೂದಲು, ಉಗುರು ಇವುಗಳಲ್ಲಿ ಕೆರಾಟಿನ್ ಎಂಬ ವಸ್ತು ಇರುತ್ತದೆ. ಅದೇ ಇದರ ಆಹಾರ.

ಹೆಸರಿನ ಗೊಂದಲದಲ್ಲಿ ಬೇರೆ ರೋಗಗಳೂ ಇದರೊಳಗೆ ಬೆರೆತು ಹೋಗುತ್ತವೆ. ಎದೆ ಬೆನ್ನಿನ ಮೇಲೆ ಮಸುಕು ಬಿಳುಪಾಗಿ ಹರಡುವ ಸಿಬ್ಬು ಇನ್ನೊಂದು ಜಾತಿಯ ಶಿಲೀಂಧ್ರದಿಂದ ಬರುವುದು, ಅದು ಅಷ್ಟು ಕಾಡುವುದಿಲ್ಲ. ಸರ್ಪಸುತ್ತು ವೈರಸ್ಸಿನಿಂದ ಬರುತ್ತದೆ. ಬೆರಳ ಸಂದಿನಲ್ಲಿ ಎದ್ದು ಮನೆಮಂದಿಗೆಲ್ಲ ರಾತ್ರಿ ಕಾಟ ಕೊಡುವ ಕಜ್ಜಿಗೆ ಕಾರಣ ಒಂದು ಬಗೆಯ ನುಸಿ. ಇಸಬು ಅಂಟುರೋಗವೇ ಅಲ್ಲ. ತುರಿಸುವುದೆಲ್ಲ ಒಂದೇ ಎಂದು ಒಂದೇ ಟ್ಯೂಬ್ ಹಚ್ಚುವುದರಿಂದಲೇ ಅರ್ಧ ತೊಂದರೆ ಹುಟ್ಟುತ್ತದೆ.

ಇನ್ನು ಉಂಗುರದ ಗುಟ್ಟು. ಶಿಲೀಂಧ್ರ ಒಂದು ಬಿಂದುವಿನಲ್ಲಿ ಬಿದ್ದು ಸುತ್ತಲೂ ಹೊರಕ್ಕೆ ಬೆಳೆಯುತ್ತದೆ. ನಡುವಿನ ಭಾಗದಲ್ಲಿ ಶರೀರ ಅದರೊಂದಿಗೆ ಹೋರಾಡಿ ಸ್ವಲ್ಪ ತಿಳಿಯಾಗಿಸುತ್ತದೆ. ಹೋರಾಟ ನಡೆಯುತ್ತಿರುವುದು ಅಂಚಿನಲ್ಲಿ. ಅದಕ್ಕೇ ಅಂಚು ಕೆಂಪಾಗಿ, ಉಬ್ಬಿ, ಹೊಟ್ಟು ಉದುರುತ್ತಿರುತ್ತದೆ. ಮುಲಾಮು ಹಚ್ಚುವಾಗ ನಾವು ಕಲೆಯ ನಡುವೆ ತಿಕ್ಕುತ್ತೇವೆ. ಹಚ್ಚಬೇಕಾದ್ದು ಅಂಚಿಗೆ, ಅಂಚಿನಿಂದ ಹೊರಗೂ ಎರಡು ಬೆರಳಿನಷ್ಟು ಜಾಗಕ್ಕೆ. ಅಲ್ಲಿ ಕಣ್ಣಿಗೆ ಕಾಣದಂತೆ ಅದು ಆಗಲೇ ಹೋಗಿ ಕುಳಿತಿರುತ್ತದೆ.

ನಮ್ಮ ಹಿರಿಯರಿಗೂ ಈ ರೋಗವಿತ್ತು. ಸೀಮೆ ಅಗಸೆಯ ಎಲೆ ಅರೆದು ಹಚ್ಚುತ್ತಿದ್ದರು, ಇಲ್ಲವೇ ಸರ್ಕಾರಿ ದವಾಖಾನೆಯಲ್ಲಿ ಕೊಡುತ್ತಿದ್ದ ಬೆಂಜಾಯಿಕ್ ಮತ್ತು ಸ್ಯಾಲಿಸಿಲಿಕ್ ಆಮ್ಲದ ಮುಲಾಮು ಹಚ್ಚುತ್ತಿದ್ದರು. ಚುರುಗುಟ್ಟುತ್ತಿತ್ತು, ಕೆಲವು ವಾರಗಳಲ್ಲಿ ಹೋಗುತ್ತಿತ್ತು. ಹಾಗಾದರೆ ಈಗೇಕೆ ಆರು ತಿಂಗಳು, ವರ್ಷ, ಎರಡು ವರ್ಷ ಎಳೆಯುತ್ತದೆ? ಕಳೆದ ಹತ್ತು ಹನ್ನೆರಡು ವರ್ಷಗಳಿಂದ ನಮ್ಮ ದೇಶದ ಚರ್ಮರೋಗ ತಜ್ಞರೆಲ್ಲ ಕೇಳುತ್ತಿರುವ ಪ್ರಶ್ನೆ ಇದು. ನನಗೆ ತಿಳಿದಷ್ಟು ಹೇಳುತ್ತೇನೆ.

ಮೆಡಿಕಲ್ ಶಾಪಿಗೆ ಹೋಗಿ "ತುರಿಕೆಗೆ ಒಂದು ಟ್ಯೂಬ್ ಕೊಡಿ" ಎಂದರೆ ಸಾಮಾನ್ಯವಾಗಿ ಸಿಗುವುದು ಮೂರು ನಾಲ್ಕು ಔಷಧಿ ಕೂಡಿಸಿದ ಮುಲಾಮು. ಒಂದು ಶಿಲೀಂಧ್ರಕ್ಕೆ, ಒಂದು ಬ್ಯಾಕ್ಟೀರಿಯಾಕ್ಕೆ, ಅವುಗಳ ಜೊತೆಗೆ ಒಂದು ಸ್ಟಿರಾಯ್ಡ್. ಸ್ಟಿರಾಯ್ಡ್ ಮಾಡುವ ಕೆಲಸವೇನು? ಶರೀರದ ಹೋರಾಟವನ್ನು ಸುಮ್ಮನಾಗಿಸುವುದು. ಕೆಂಪು, ಊತ, ತುರಿಕೆ ಎಲ್ಲವೂ ಆ ಹೋರಾಟದ ಗುರುತುಗಳು. ಅವು ಎರಡೇ ದಿನಕ್ಕೆ ಇಳಿಯುತ್ತವೆ. ಹಚ್ಚಿದವರು ಹಿಗ್ಗುತ್ತಾರೆ. ಆದರೆ ಕಾವಲುಗಾರ ನಿದ್ದೆ ಹೋದ ಮನೆಯಲ್ಲಿ ಕಳ್ಳನಿಗೆ ಏನು ಅಡ್ಡಿ? ಶಿಲೀಂಧ್ರ ಸದ್ದಿಲ್ಲದೆ ಹರಡುತ್ತದೆ. ಟ್ಯೂಬ್ ಬಿಟ್ಟ ವಾರದೊಳಗೆ ಮೊದಲಿಗಿಂತ ಜೋರಾಗಿ ಏಳುತ್ತದೆ, ಮತ್ತೆ ಟ್ಯೂಬ್, ಮತ್ತೆ ಎರಡು ದಿನ ಆರಾಮ. ತಿಂಗಳುಗಟ್ಟಲೆ ಹೀಗೆ ನಡೆದರೆ ಉಂಗುರದೊಳಗೆ ಉಂಗುರ ಮೂಡುತ್ತದೆ. ರೋಗದ ರೂಪವೇ ಬದಲಾಗಿ ವೈದ್ಯರಿಗೂ ಗುರುತು ಸಿಗುವುದು ಕಷ್ಟವಾಗುತ್ತದೆ. ಚರ್ಮ ಸಿಗರೇಟು ಕಾಗದದಂತೆ ತೆಳ್ಳಗಾಗುತ್ತದೆ. ತೊಡೆಸಂದಿನಲ್ಲಿ, ಕಂಕುಳಲ್ಲಿ ಬಸುರಿಯ ಹೊಟ್ಟೆಯ ಮೇಲೆ ಬರುವಂತಹ ಗೆರೆಗಳು ಬೀಳುತ್ತವೆ, ಅವು ಪೂರ್ತಿಯಾಗಿ ಅಳಿಸುವುದಿಲ್ಲ. ಸ್ಟಿರಾಯ್ಡ್ ಎಂಬುದೇ ವಿಷ ಎಂದು ನಾನು ಹೇಳುತ್ತಿಲ್ಲ. ಇಸಬಿನಂತಹ ರೋಗಕ್ಕೆ ಅದೇ ಒಳ್ಳೆಯ ಔಷಧಿ, ವೈದ್ಯರು ಅಳತೆ ನೋಡಿ ಕೊಡುತ್ತಾರೆ. ಹುಳುಕಡ್ಡಿಗೆ ಮಾತ್ರ ಅದು ಸಲ್ಲದು.

ಇಂತಹ 14 ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ಷೆಡ್ಯೂಲ್ ಎಚ್ ಪಟ್ಟಿಯ ಕಟ್ಟುನಿಟ್ಟಿನೊಳಗೆ ತಂದಿತು. ಕಾಯಿದೆ ಕಾಗದದಲ್ಲಿದೆ. ಕೌಂಟರಿನ ಮೇಲೆ ಏನು ನಡೆಯುತ್ತದೆ ಎಂಬುದನ್ನು ನೀವೇ ಬಲ್ಲಿರಿ.

ಈಗ ವಿದ್ಯಾರ್ಥಿಗಳು ಕಿವಿಗೊಡಬೇಕು. ನಿಮ್ಮಲ್ಲಿ ಎಷ್ಟೋ ಮಂದಿಯ ಮನೆಯಲ್ಲಿ ಟ್ಯೂಬಿನ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ಓದಬಲ್ಲವರು ನೀವೊಬ್ಬರೇ. ದೊಡ್ಡ ಅಕ್ಷರದ ಕಂಪನಿ ಹೆಸರನ್ನು ಬಿಡಿ, ಕೆಳಗಿನ ಸಣ್ಣ ಅಕ್ಷರ ಓದಿ. ಕ್ಲೋಟ್ರಿಮಝೋಲ್, ಲುಲಿಕೊನಝೋಲ್, ಕೀಟೊಕೊನಝೋಲ್ ಹೀಗೆ "ಝೋಲ್" ಎಂದು ಮುಗಿದರೆ ಅದು ಸಾಮಾನ್ಯವಾಗಿ ಶಿಲೀಂಧ್ರದ ಔಷಧಿ. ಟರ್ಬಿನಫಿನ್ ಕೂಡ ಅದೇ ಗುಂಪಿನ ಕೆಲಸದ್ದು. ಬೆಟಾಮೆಥಸೋನ್, ಮೊಮೆಟಾಸೋನ್, ಬೆಕ್ಲೊಮೆಥಸೋನ್ ಹೀಗೆ "ಸೋನ್" ಬಂದರೆ ಸ್ಟಿರಾಯ್ಡ್. ಎಲ್ಲಕ್ಕಿಂತ ಮೋಸದ್ದು ಕ್ಲೊಬೆಟಸೋಲ್. ಇದರ ಕೊನೆ "ಸೋಲ್", "ಝೋಲ್" ಅಲ್ಲ. ಸ್ಟಿರಾಯ್ಡುಗಳಲ್ಲಿ ಬಲು ಪ್ರಬಲವಾದದ್ದು ಇದು. ಸೀನ್ ಮತ್ತು ಝೇ ಅಕ್ಷರಗಳ ವ್ಯತ್ಯಾಸ ಕಲಿಸಲು ನಾನು ತರಗತಿಯಲ್ಲಿ ಎಷ್ಟು ಗಂಟಲು ಹರಿದುಕೊಳ್ಳುತ್ತೇನೆಂದು ನನ್ನ ಮಕ್ಕಳಿಗೆ ಗೊತ್ತು. ಅಬ್ಬಾ, ಅಮ್ಮಿ ಟ್ಯೂಬ್ ತಂದಾಗ ಆ ಪಾಠ ಉಪಯೋಗಕ್ಕೆ ಬರಲಿ. ಒಂದೇ ಟ್ಯೂಬಿನಲ್ಲಿ ಝೋಲ್ ಮತ್ತು ಸೋನ್ ಎರಡೂ ಇದ್ದರೆ ಅದು ನಾನು ಹೇಳಿದ ಕಲಬೆರಕೆಯೇ.

ತುಂಬ ದಿನದಿಂದ ಅಂತಹ ಟ್ಯೂಬ್ ಹಚ್ಚುತ್ತಿರುವವರು ಇಂದು ಮನೆಗೆ ಹೋಗಿ ಎಸೆದು ಸುಮ್ಮನೆ ಕೂರಬೇಡಿ. ನಿಲ್ಲಿಸಿದ ಮೊದಲ ದಿನಗಳಲ್ಲಿ ಉರಿ, ಕೆಂಪು ಹೆಚ್ಚಾಗುತ್ತದೆ. ಟ್ಯೂಬನ್ನೇ ಕೈಯಲ್ಲಿ ಹಿಡಿದು ಚರ್ಮದ ವೈದ್ಯರ ಬಳಿ ಹೋಗಿ ತೋರಿಸಿ.

ಇನ್ನೊಂದು ಕಾರಣ ಶಿಲೀಂಧ್ರವೇ ಬದಲಾದದ್ದು. 2020ರಲ್ಲಿ ಜಪಾನಿನ ವಿಜ್ಞಾನಿಗಳು ಅಲ್ಲಿದ್ದ ಭಾರತ ಮತ್ತು ನೇಪಾಳ ಮೂಲದ ರೋಗಿಗಳ ಚರ್ಮದಿಂದ ತೆಗೆದ ಶಿಲೀಂಧ್ರವನ್ನು ಪರೀಕ್ಷಿಸಿ ಅದಕ್ಕೆ ಟ್ರೈಕೊಫೈಟಾನ್ ಇಂಡೊಟಿನಿಯೇ ಎಂದು ಹೊಸ ಹೆಸರಿಟ್ಟರು. ಹೆಸರಿನೊಳಗೇ ನಮ್ಮ ದೇಶ ಸೇರಿಕೊಂಡಿತು, ಹೆಮ್ಮೆ ಪಡುವ ವಿಷಯವೇನಲ್ಲ! 2023ರಲ್ಲಿ ನ್ಯೂಯಾರ್ಕಿನಲ್ಲಿಯೂ ಎರಡು ಪ್ರಕರಣಗಳು ವರದಿಯಾದವು. ಅವರಲ್ಲಿ ಒಬ್ಬರು ಹೊರದೇಶಕ್ಕೇ ಹೋದವರಲ್ಲ. ಈ ಜಾತಿಯ ಅನೇಕ ತಳಿಗಳ ಮೇಲೆ ಟರ್ಬಿನಫಿನ್ ಮಾತ್ರೆ ನಡೆಯುವುದಿಲ್ಲ. ಆ ಮಾತ್ರೆ ಶಿಲೀಂಧ್ರದೊಳಗಿನ ಒಂದು ಕಿಣ್ವವನ್ನು ಹಿಡಿದು ನಿಲ್ಲಿಸಿ ಅದನ್ನು ಕೊಲ್ಲುತ್ತಿತ್ತು. ಈಗ ಆ ಕಿಣ್ವದ ರಚನೆಯೇ ಸ್ವಲ್ಪ ಬದಲಾಗಿದೆ, ಮಾತ್ರೆಗೆ ಹಿಡಿತ ಸಿಗುವುದಿಲ್ಲ. ಹಿಂದೆ ನೆರೆಮನೆಯವರಿಗೆ ಎರಡು ವಾರದಲ್ಲಿ ವಾಸಿಯಾದ ಮಾತ್ರೆ ಇಂದು ನಮಗೆ ಎರಡು ತಿಂಗಳಾದರೂ ಹಿಡಿಯದಿರಲು ಇದೂ ಕಾರಣ. ಆದ್ದರಿಂದ ಅವರ ಚೀಟಿ ತೋರಿಸಿ ನಾವು ಮಾತ್ರೆ ಕೊಳ್ಳುವುದು ದುಡ್ಡು ದಂಡ.

ನಮ್ಮ ಮನೆಗೂ ಈ ಅತಿಥಿ ಬಂದಿದ್ದ. ಗ್ಯಾರೇಜಿನಲ್ಲಿ ಕೆಲಸ ಮಾಡುವ ನನ್ನ ತಮ್ಮನ ತೊಡೆಯಲ್ಲಿ ಶುರುವಾಯಿತು. ದಿನವಿಡೀ ಬೆವರು, ಮೈಗಂಟಿದ ದಪ್ಪ ಜೀನ್ಸ್, ಶಾಪಿನವನು ಕೊಟ್ಟ ಟ್ಯೂಬ್. ಆಮೇಲೆ ಸಕ್ಕರೆ ಕಾಯಿಲೆಯ ಅಮ್ಮಿಗೆ, ಆಮೇಲೆ ನನಗೆ. ನನಗೆ ಬಂದದ್ದು ಸೊಂಟದಲ್ಲಿ, ಶಲ್ವಾರಿನ ಲಾಡಿ ಕಟ್ಟುವ ಸುತ್ತಿನಲ್ಲಿ. ಸೀರೆ ಉಡುವವರಿಗೆ ಲಂಗದ ಲಾಡಿಯ ಕೆಳಗೆ ಹೀಗೇ ಬರುತ್ತದೆ. ಹೆಂಗಸರು ಇದನ್ನು ಯಾರ ಮುಂದೆ ಹೇಳಬೇಕು? ಹೇಳುವುದಿಲ್ಲ. ಕಪ್ಪು ಹಲಗೆಯ ಮೇಲೆ ಬರೆಯುತ್ತ ನಿಂತಾಗ, ಬಸ್ಸಿನಲ್ಲಿ ನಿಂತು ಬರುವಾಗ ಆ ತುರಿಕೆಯನ್ನು ಹಲ್ಲು ಕಚ್ಚಿ ತಡೆಯುವುದು ಎಂಥದ್ದೆಂದು ಅನುಭವಿಸಿದವರಿಗೇ ಗೊತ್ತು. ರಾತ್ರಿ ಇನ್ನೂ ಜಾಸ್ತಿ. ಎಲ್ಲರೂ ಮಲಗಿದ ಮೇಲೆ ಎದ್ದು ಒದ್ದೆ ಬಟ್ಟೆ ಒತ್ತಿಕೊಂಡು ಕೂತ ರಾತ್ರಿಗಳು ಎಷ್ಟೋ.

ಜಿಲ್ಲಾ ಆಸ್ಪತ್ರೆಯ ಚರ್ಮ ವಿಭಾಗದಲ್ಲಿ ಡಾಕ್ಟರಮ್ಮ ಮೊಂಡು ಬ್ಲೇಡಿನಿಂದ ಅಂಚಿನ ಹೊಟ್ಟು ಕೆರೆದು ಗಾಜಿನ ಮೇಲೆ ಹಾಕಿ, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಒಂದು ಹನಿ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರು. ನೋವಿಲ್ಲ, ಹೆಚ್ಚು ಸಮಯವೂ ಬೇಡ. ನನಗೂ ನೋಡಲು ಕೊಟ್ಟರು. ಉದ್ದುದ್ದ ಎಳೆಗಳು, ಅಲ್ಲಲ್ಲಿ ಕವಲು. ಮೊದಲ ಬಾರಿ ಕಲಮು ಹಿಡಿದ ಮಗು ಎಳೆದ ಗೆರೆಗಳ ಹಾಗೆ. ಇಷ್ಟು ಸರಳವಾದ ಪರೀಕ್ಷೆ ಇರುವಾಗ ನಮ್ಮ ಜನ ವರ್ಷಗಟ್ಟಲೆ ಊಹೆಯ ಮೇಲೆ ಔಷಧಿ ಹಚ್ಚುತ್ತಾರಲ್ಲ ಎಂದು ಅನ್ನಿಸಿತು.

ನನಗೆ ಇಟ್ರಾಕೊನಝೋಲ್ ಎಂಬ ಕ್ಯಾಪ್ಸೂಲ್ ಬರೆದರು. ಅದನ್ನು ಹೊಟ್ಟೆ ತುಂಬ ಊಟವಾದ ಕೂಡಲೇ ನುಂಗಬೇಕು. ಖಾಲಿ ಹೊಟ್ಟೆಯಲ್ಲಿ ಸರಿಯಾಗಿ ಹೀರಿಕೊಳ್ಳುವುದಿಲ್ಲ. ನಮ್ಮಲ್ಲಿ ಗ್ಯಾಸಿಗೆಂದು ಬೆಳಿಗ್ಗೆ ಎದ್ದ ಕೂಡಲೇ ಒಂದು ಮಾತ್ರೆ ನುಂಗುವ ಅಭ್ಯಾಸ ಬಹಳ ಮಂದಿಗಿದೆ. ಹೊಟ್ಟೆಯ ಆಮ್ಲ ಕಡಿಮೆ ಮಾಡುವ ಆ ಮಾತ್ರೆ ಈ ಕ್ಯಾಪ್ಸೂಲಿನ ಕೆಲಸ ಕೆಡಿಸುತ್ತದೆ. ಹೃದಯದ ತೊಂದರೆ ಇರುವವರು, ಕೊಲೆಸ್ಟರಾಲಿನ ಮಾತ್ರೆ ನುಂಗುವವರು, ಲಿವರ್ ಕಾಯಿಲೆಯವರು, ಬಸುರಿಯರು, ಮೊಲೆಯೂಡಿಸುವ ತಾಯಂದಿರು ಮೊದಲೇ ವೈದ್ಯರಿಗೆ ಹೇಳಬೇಕು. ಕೇಳದಿದ್ದರೂ ಹೇಳಬೇಕು. ಅಮ್ಮಿಗೆ ಇದೇ ಕಾರಣಕ್ಕೆ ಬೇರೆ ರೀತಿಯ ಚಿಕಿತ್ಸೆ ಕೊಟ್ಟರು, ಸಕ್ಕರೆ ಹತೋಟಿಗೆ ಬರುವವರೆಗೆ ಅವರದು ವಾಸಿಯಾಗಲೇ ಇಲ್ಲ. ರಮಝಾನಿನಲ್ಲಿ ಏನು ಮಾಡುವುದೆಂದು ಕೇಳುವವರಿದ್ದಾರೆ. ದಿನಕ್ಕೆ ಒಂದು ಹೊತ್ತಿನ ಮಾತ್ರೆಯಾದರೆ ಇಫ್ತಾರಿನ ಊಟದ ನಂತರ ಹೊಂದಿಸಬಹುದು. ಮುಲಾಮನ್ನು ರಾತ್ರಿ ಒಮ್ಮೆ, ಸಹರಿ ಹೊತ್ತಿಗೆ ಒಮ್ಮೆ ಹಚ್ಚಬಹುದು. ಮಾತ್ರೆ ತಪ್ಪಿಸಲು ಕಾರಣವಿಲ್ಲ, ವೈದ್ಯರಿಗೆ ಮೊದಲೇ ತಿಳಿಸಿದರೆ ಸಾಕು.

ಮೂರನೆಯ ವಾರದಲ್ಲಿ ನನಗೆ ತುರಿಕೆ ನಿಂತಿತು. ಜನ ಸೋಲುವುದು ಇಲ್ಲಿಯೇ. ತುರಿಕೆ ನಿಂತಿತು, ಮಾತ್ರೆಗೋ ದುಬಾರಿ, ಇನ್ನೇಕೆ ಎಂದು ಬಿಟ್ಟುಬಿಡುತ್ತಾರೆ. ನನ್ನ ಚಿಕಿತ್ಸೆ ಒಟ್ಟು ಮೂರು ತಿಂಗಳ ಮೇಲೆ ನಡೆಯಿತು. ಕಲೆ ಪೂರ್ತಿ ಹೋದ ಮೇಲೂ ಎರಡು ವಾರ ಮುಲಾಮು ಹಚ್ಚಿಸಿದರು. ದುಡ್ಡಿನ ಮಾತು ನಿಜ. ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ, ಸರ್ಕಾರಿ ಆಸ್ಪತ್ರೆಯಲ್ಲಿ ದಾಸ್ತಾನು ಇದೆಯೇ ಕೇಳಿ. ಅರ್ಧಕ್ಕೆ ಬಿಟ್ಟು ಮೂರು ಸಲ ಮೊದಲಿನಿಂದ ಕೊಳ್ಳುವುದಕ್ಕಿಂತ ಒಮ್ಮೆ ಪೂರ್ತಿ ಕೊಳ್ಳುವುದೇ ಅಗ್ಗ ಎಂದು ಲೆಕ್ಕ ಹಾಕಿ ನೋಡಿದರೆ ತಿಳಿಯುತ್ತದೆ.

ಮನೆಯಲ್ಲಿ ಎಲ್ಲರಿಗೂ ಒಟ್ಟಿಗೆ ಚಿಕಿತ್ಸೆಯಾಗಬೇಕು ಎಂದು ಡಾಕ್ಟರಮ್ಮ ಪಟ್ಟುಹಿಡಿದರು. ಒಬ್ಬರು ಬಿಟ್ಟುಹೋದರೂ ಅವರಿಂದ ಮತ್ತೆ ಎಲ್ಲರಿಗೂ. ನಮ್ಮ ಮನೆಯವರು "ನನಗೇನೂ ಇಲ್ಲ" ಎಂದು ಹದಿನೈದು ದಿನ ತಪ್ಪಿಸಿಕೊಂಡರು. ಕೊನೆಗೆ ನೋಡಿದರೆ ಅವರ ಪಾದದ ಬೆರಳ ಸಂದಿನಲ್ಲಿ ಬೆಳ್ಳಗೆ ಸುಲಿದುಹೋಗಿತ್ತು. ವುಝೂ ಮಾಡಿ ಒದ್ದೆ ಕಾಲಿಗೇ ಸಾಕ್ಸ್, ಅದರ ಮೇಲೆ ಶೂ. ವುಝೂ ಆದ ಮೇಲೆ ಬೆರಳ ಸಂದುಗಳನ್ನು ಒಣ ಬಟ್ಟೆಯಿಂದ ಒರೆಸಿಕೊಳ್ಳಲು ಅರ್ಧ ನಿಮಿಷ ಸಾಕು. ಒರೆಸುವ ಬಟ್ಟೆ ಮಾತ್ರ ನಿಮ್ಮದೇ ಆಗಿರಲಿ. ಗೂಟಕ್ಕೆ ನೇತುಹಾಕಿದ ಸಾರ್ವಜನಿಕ ಟವೆಲಿಗೆ ದೂರದಿಂದಲೇ ಸಲಾಂ ಹೇಳಿ.

ಬಟ್ಟೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಉದುರಿದ ಹೊಟ್ಟಿನಲ್ಲಿ ಈ ಶಿಲೀಂಧ್ರದ ಬೀಜಕಣಗಳು ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ರೋಗಿಯ ಬಟ್ಟೆ, ಟವೆಲ್, ಹಾಸಿಗೆ ಹೊದಿಕೆ ಬೇರೆ ಇಟ್ಟು ಚೆನ್ನಾಗಿ ಕಾದ ನೀರಿನಲ್ಲಿ ನೆನೆಸಿ ಒಗೆಯಬೇಕು. ಒಳಮಗ್ಗುಲು ಹೊರಗೆ ತಿರುಗಿಸಿ ಬಿಸಿಲಿಗೆ ಹಾಕಬೇಕು. ಹೊಲಿಗೆಯ ಸಂದುಗಳಿಗೆ ಇಸ್ತ್ರಿ ಒತ್ತಿದರೆ ಇನ್ನೂ ಒಳ್ಳೆಯದು. ಇಷ್ಟನ್ನು ಗಂಡಸರ ಬಟ್ಟೆಗೆ ಮಾಡುವುದು ಸುಲಭ. ನಮ್ಮ ಹೆಣ್ಣುಮಕ್ಕಳ ಒಳಉಡುಪು ಒಣಗುವುದು ಎಲ್ಲಿ? ಬಾಗಿಲ ಹಿಂದೆ, ಬಚ್ಚಲು ಮನೆಯ ಮೂಲೆಯಲ್ಲಿ, ಹಗ್ಗದ ಮೇಲಾದರೆ ದುಪಟ್ಟಾದ ಕೆಳಗೆ. ಬಿಸಿಲು ಕಾಣದ ಬಟ್ಟೆ ಬೆಳಿಗ್ಗೆ ಅರೆ ಒದ್ದೆಯಾಗಿಯೇ ಮೈಮೇಲೆ ಬರುತ್ತದೆ. ಮಾರ್ಚಿನಿಂದ ಮೇವರೆಗೆ ನಮ್ಮ ಬಯಲುಸೀಮೆಯ ಬೇಗೆಯಲ್ಲಿ ಅದರ ಮೇಲೆ ಶಲ್ವಾರ್, ಅದರ ಮೇಲೆ ಬುರ್ಖಾ. ಮರ್ಯಾದೆಗೆ ಭಂಗ ಬರದಂತೆ ಮಹಡಿಯ ಮೇಲೊಂದು ಪರದೆ ಕಟ್ಟಿ ಬಿಸಿಲು ಬೀಳುವ ಜಾಗ ಮಾಡಿಕೊಡಲು ಎಷ್ಟು ಖರ್ಚು? ಎರಡು ಬಿದಿರು ಗಳ, ಒಂದು ಹಳೆಯ ಸೀರೆ. ಮನೆಯ ಗಂಡಸರು ಇದೊಂದನ್ನು ಮಾಡಿಕೊಡಿ. ನಮ್ಮ ಸಂಘ ವಿದ್ಯಾರ್ಥಿನಿಲಯಕ್ಕೆ ಕೊಡುವ ನೆರವಿನಲ್ಲಿ ಇಂತಹ ಒಂದು ಒಣಗಿಸುವ ಜಾಗ, ಪ್ರತಿ ಮಗುವಿಗೆ ಒಂದೊಂದು ಗೂಟ, ಬಿಸಿನೀರಿನ ಹಂಡೆ ಇವನ್ನೂ ಸೇರಿಸಬೇಕೆಂದು ಪದಾಧಿಕಾರಿಗಳಲ್ಲಿ ಕೇಳಿಕೊಳ್ಳುತ್ತೇನೆ. ಅಲಮಾರಿ ತುಂಬ ಟ್ರೋಫಿ ಇರುವ ಕಡೆ ಇದಕ್ಕೂ ಜಾಗ ಸಿಕ್ಕೀತು.

ಮನೆಮದ್ದಿನ ಬಗ್ಗೆ ಎರಡೇ ಮಾತು. ಬೆಳ್ಳುಳ್ಳಿ ಅರೆದು ಕಟ್ಟಿ ಸುಟ್ಟ ಬೊಬ್ಬೆ ಎಬ್ಬಿಸಿಕೊಂಡವರನ್ನು ನಾನು ಕಂಡಿದ್ದೇನೆ. ನಿಂಬೆಹಣ್ಣು, ಸೀಮೆಎಣ್ಣೆ, ನೆಲ ಒರೆಸುವ ಕ್ರಿಮಿನಾಶಕ ಇವೆಲ್ಲ ಚರ್ಮ ಕೆಡಿಸುತ್ತವೆಯೇ ಹೊರತು ರೋಗ ಹೋಗುವುದಿಲ್ಲ.

ಟೋಪಿ, ಬಾಚಣಿಗೆ, ಸ್ಕಾರ್ಫ್ ಹಂಚಿಕೊಳ್ಳುವ ಚಿಕ್ಕ ಮಕ್ಕಳ ತಲೆಗೂ ಇದು ಹತ್ತುತ್ತದೆ. ಕೂದಲು ತುಂಡಾಗಿ ಉದುರಿ ಬೋಳು ಚಕ್ಕೆ ಕಾಣುತ್ತದೆ. ಅದಕ್ಕೆ ಮುಲಾಮು ಸಾಲದು, ವೈದ್ಯರು ಮಾತ್ರೆಯನ್ನೇ ಕೊಡಬೇಕಾಗುತ್ತದೆ, ಏಕೆಂದರೆ ಶಿಲೀಂಧ್ರ ಕೂದಲಿನ ಬುಡದೊಳಗೆ ಇರುತ್ತದೆ. ತಲೆ ಬೋಳಿಸಿ ಸುಮ್ಮನಾಗಬೇಡಿ.

ವಾಸಿಯಾದ ಮೇಲೆ ಕಪ್ಪು ಕಲೆ ಉಳಿಯುತ್ತದೆ. ಅದು ರೋಗವಲ್ಲ. ಹೊಟ್ಟು ಇಲ್ಲ, ತುರಿಕೆ ಇಲ್ಲ, ಅಂಚು ಉಬ್ಬಿಲ್ಲ ಎಂದಾದರೆ ಅದನ್ನು ಅದರ ಪಾಡಿಗೆ ಬಿಡಿ. ನನ್ನ ಸೊಂಟದ ಕಲೆ ಮಾಯಲು ಒಂದು ವರ್ಷ ಹಿಡಿಯಿತು. ಮದುವೆಯ ಮಾತುಕತೆ ನಡೆಯುತ್ತಿರುವ ಹೆಣ್ಣುಮಕ್ಕಳಿಗೆ ಆತುರವಾಗುತ್ತದೆ, ಬಿಳುಪಾಗಿಸುವ ಕ್ರೀಮಿಗೆ ಕೈಹಾಕುತ್ತಾರೆ. ಅಂಥ ಕ್ರೀಮುಗಳಲ್ಲಿ ಹಲವದರಲ್ಲಿ ಮತ್ತೆ ಅದೇ "ಸೋನ್" ಇರುತ್ತದೆ, ಸಣ್ಣ ಅಕ್ಷರ ಓದಿ.

ಸಭೆ ಮುಗಿದ ಮೇಲೆ ನಾನು ಲೈಬ್ರರಿ ಕೋಣೆಯಲ್ಲಿ ಕುಳಿತಿರುತ್ತೇನೆ. ಸೋದರಿಯರು, ತಾಯಂದಿರು ಅಲ್ಲಿಗೆ ಬರಬಹುದು, ಗಂಡುಮಕ್ಕಳಿಗೆ ನಮ್ಮ ವಿಜ್ಞಾನದ ಮಾಸ್ತರರು ಪಕ್ಕದ ತರಗತಿಯಲ್ಲಿ ಸಿಗುತ್ತಾರೆ. ನಾವಿಬ್ಬರೂ ಔಷಧಿ ಹೇಳುವುದಿಲ್ಲ. ಟ್ಯೂಬಿನ ಮೇಲೆ ಬರೆದದ್ದನ್ನು ಓದಿ ಹೇಳುತ್ತೇವೆ, ಜಿಲ್ಲಾ ಆಸ್ಪತ್ರೆಯಲ್ಲಿ ಚರ್ಮದ ವೈದ್ಯರು ಯಾವ ದಿನ ಯಾವ ಕೋಣೆಯಲ್ಲಿ ಕೂರುತ್ತಾರೆಂದು ಬರೆದುಕೊಡುತ್ತೇವೆ. ಮನೆಯಿಂದ ಟ್ಯೂಬ್ ತಂದಿರದವರು ನಾಳೆ ಬೆಳಿಗ್ಗೆ ಪ್ರಾರ್ಥನೆಗೆ ಮೊದಲು ತನ್ನಿ.